ಬಾಸೆಲ್‌ನಿಂದ ಬಿಜಾಪುರಕ್ಕೆ: ನಮ್ಮ ಸೀಮೆಯ ಮಿಷನ್ ಚರ್ಚುಗಳ ಕಥೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆಂದು ಬಿಜಾಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲವನ್ನೂ ನೋಡಿ ಬಸ್ ಹತ್ತಿದಾಗ ವಿದ್ಯಾರ್ಥಿನಿಯೊಬ್ಬಳು, "ಸರ್, ನಮ್ಮ ಕಡೆ ಚರ್ಚ್ ಕಟ್ಟಿದವ್ರು ಎಲ್ಲಿಂದ ಬಂದಿದ್ರ್ರೀ?" ಎಂದು ಕೇಳಿದಳು. "ಬಾಸೆಲ್ ಮಿಷನ್ ಅಂತ ಒಂದು ಸ್ವಿಸ್ ಸಂಸ್ಥೆ ಇತ್ತು, ಅವರು" ಎಂದು ಚುಟುಕಾಗಿ ಹೇಳಿ ಹಾಜರಿ ಕರೆಯತೊಡಗಿದೆ. ಮರುವಾರ ಆಕೆ ಬರೆದ ಪ್ರವಾಸ ಪ್ರಬಂಧದಲ್ಲಿ, "ನಮ್ಮ ಜಿಲ್ಲೆಯ ಚರ್ಚುಗಳನ್ನು ಸ್ವೀಡನ್ ದೇಶದವರು ಕಟ್ಟಿಸಿದರು" ಎಂಬ ವಾಕ್ಯವಿತ್ತು. ಕೆಂಪು ಮಸಿಯಿಂದ ಅಡಿಗೆರೆ ಎಳೆದು 'ಸ್ವಿಟ್ಜರ್ಲೆಂಡ್' ಎಂದು ತಿದ್ದಿದೆ. ಆದರೆ ಆಕೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸಾಲದು ಎಂಬ ಕೊರಗು ಉಳಿದುಕೊಂಡಿತು. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಇತಿಹಾಸದ ಲೇಖನವೊಂದನ್ನು ಬರೆಯಬೇಕೆಂದು ಹಿರಿಯರು ಕೇಳಿದಾಗ ಆ ಬಾಕಿಯನ್ನು ತೀರಿಸಲು ಇದೇ ಸಮಯವೆನಿಸಿತು.

ಮೊದಲು ಸ್ವೀಡನ್ನಿನವರ ವಿಷಯವನ್ನೇ ಹೇಳುತ್ತೇನೆ. ಅವರು ಚರ್ಚ್ ಕಟ್ಟಿದ್ದು ನಿಜ, ಆದರೆ ದೂರದ ಅಮೆರಿಕದಲ್ಲಿ. 1638ರಲ್ಲಿ ಡೆಲವೇರ್ ನದಿಯ ಸೀಮೆಯಲ್ಲಿ ಸ್ವೀಡನ್ನಿನವರು ಬಂದಿಳಿದು ಕೋಟೆ ಕಟ್ಟಿ, ತಮ್ಮ ರಾಣಿ ಕ್ರಿಸ್ಟಿನಾಳ ಹೆಸರಿಟ್ಟರು. 1655ರಲ್ಲಿ ಡಚ್ಚರು, 1664ರಲ್ಲಿ ಇಂಗ್ಲಿಷರು ಆ ಸೀಮೆಯನ್ನು ಕಿತ್ತುಕೊಂಡರು. ರಾಜ್ಯ ಹೋಯಿತು, ಒಕ್ಕಲು ಮಾತ್ರ ಉಳಿಯಿತು. ಆ ಒಕ್ಕಲಿಗರಿಗಾಗಿ 1697ರಲ್ಲಿ ಸ್ವೀಡನ್ನಿನಿಂದ ಪಾದ್ರಿಗಳು ಬಂದರು. 1698ರಲ್ಲಿ ಅಡಿಗಲ್ಲು ಹಾಕಿ 1699ರಲ್ಲಿ ಮುಗಿಸಿದ ಕಲ್ಲಿನ ಚರ್ಚು ವಿಲ್ಮಿಂಗ್ಟನ್ ಊರಿನಲ್ಲಿ ಇಂದಿಗೂ ನಿಂತಿದೆ. ಸ್ವೀಡನ್ನಿನವರ ಚರ್ಚಾದರೂ ಅದರ ಗೋಡೆ ಕಟ್ಟಿದ ಕಲ್ಲುಗಾರರು ಫಿಲಡೆಲ್ಫಿಯಾದಿಂದ ಕರೆಸಿದ ಇಂಗ್ಲಿಷರು. ನೂರು ವರ್ಷ ತುಂಬುವುದರೊಳಗೆ ಮೊಮ್ಮಕ್ಕಳ ಬಾಯಲ್ಲಿ ಸ್ವೀಡಿಷ್ ಮಾತು ನಿಂತು ಇಂಗ್ಲಿಷ್ ಬಂತು; ಸ್ವೀಡನ್ನಿನಿಂದ ಪಾದ್ರಿಗಳನ್ನು ಕಳಿಸುವುದೂ ನಿಂತಿತು. ಅಲ್ಲಿ ಬಂದವರು ತಮ್ಮ ಭಾಷೆಯನ್ನು ಬಿಟ್ಟು ನೆರೆಯವರ ಭಾಷೆಗೆ ಹೊಂದಿಕೊಳ್ಳಲು ಮೂರು ತಲೆಮಾರು ಹಿಡಿಯಿತು. ನಮ್ಮ ಸೀಮೆಗೆ ಬಂದವರು ಮೊದಲ ದಿನದಿಂದಲೇ ಕನ್ನಡ ಕಲಿಯಲು ಕುಳಿತರು. ಎರಡು ಕಥೆಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಒಂದು ಪಟ್ಟಣ. 1815ರಲ್ಲಿ ಅಲ್ಲಿ ಈ ಮಿಷನ್ ಸ್ಥಾಪನೆಯಾಯಿತು. ಸಂಸ್ಥೆ ಸ್ವಿಸ್ ನೆಲದ್ದಾದರೂ ಬಂದ ಪಾದ್ರಿಗಳಲ್ಲಿ ಬಹುತೇಕರು ದಕ್ಷಿಣ ಜರ್ಮನಿಯವರು. ಆದ್ದರಿಂದಲೇ ನಮ್ಮ ಹಿರಿಯರು ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಯನ್ನು 'ಜರ್ಮನ್ ದವಾಖಾನೆ' ಎಂದೇ ಕರೆಯುತ್ತಾರೆ. 1833ರ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಲಬಾರಿನ ಕರಾವಳಿಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ಕೇಂದ್ರಗಳನ್ನು ತೆರೆದರು.

ಗುಳೇದಗುಡ್ಡ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರವರೆಗೆ ಅದೂ ನಮ್ಮ ಜಿಲ್ಲೆಯೇ. ಕುಪ್ಪಸದ ಖಣಕ್ಕೆ ಹೆಸರಾದ ನೇಕಾರರ ಊರು. ಅಲ್ಲಿ ಚರ್ಚು ಏಳುವ ಮುನ್ನ ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಒಂದು ಸಮುದಾಯದವರು ಈ ಪರದೇಶಿ ಪಾದ್ರಿಗಳಲ್ಲಿ ತಮ್ಮ ಭವಿಷ್ಯವಾಣಿ ನಿಜವಾಗುತ್ತಿದೆ ಎಂದು ಭಾವಿಸಿ ಅವರ ಹತ್ತಿರ ಬಂದರು. ಪಾದ್ರಿಗಳೂ ಊರಿಗೆ ಊರೇ ಕ್ರೈಸ್ತರಾಗುತ್ತಾರೆಂದು ನಂಬಿ, ಅವರಿಗಾಗಿ ಹೊಲ ಮನೆಗಳಿರುವ ವಸತಿಯೊಂದನ್ನೇ ಮಾಡಲು ಹೊರಟರು. ಕೊನೆಗೆ ಬರಬೇಕಾದವರು ಹಿಂದೆ ಸರಿದರು, ವಸತಿಯ ಯೋಜನೆ ಮುರಿದುಬಿತ್ತು. ನಮ್ಮ ಜನ ಯಾರೋ ಹೇಳಿದರೆಂದು ಒಂದೇ ದಿನದಲ್ಲಿ ಮಠ ಬಿಟ್ಟು ಬರುವವರಲ್ಲ ಎಂಬುದು ಪಾದ್ರಿಗಳಿಗೆ ಅಲ್ಲಿ ತಿಳಿಯಿತು. ಗುಳೇದಗುಡ್ಡಕ್ಕೆ ಬರುವ ಹೊತ್ತಿಗೆ ಅವರ ನಿರೀಕ್ಷೆ ಸಣ್ಣದಾಗಿತ್ತು, ಕೆಲಸ ನಿಧಾನವಾಗಿತ್ತು.

ಇನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಭಾಗ. ಪೇಶ್ವೆಯವರ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಬಿಜಾಪುರದ ಸೀಮೆ ಸಾತಾರಾ ಅರಸರ ಕೈಯಲ್ಲಿತ್ತು. 1848ರಲ್ಲಿ ಅದು ಕಂಪನಿ ಸರಕಾರಕ್ಕೆ ಸೇರಿತು. ಮುಂದೆ ಕಲಾದಗಿ ಜಿಲ್ಲೆಯಾದಾಗ ನಮ್ಮ ತಾಲ್ಲೂಕುಗಳು ಅದರ ಭಾಗವಾದವು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತಿನ ಈ ನಾಡಿನಲ್ಲಿ 1876ರಿಂದ ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಬಂತು. 1872ರಿಂದ 1881ರೊಳಗೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ. ತಂದೆ ತಾಯಿ ಕಳೆದುಕೊಂಡ ಮಕ್ಕಳನ್ನು ಮಿಷನ್ ಕೇಂದ್ರಗಳು ಸಾಕಿಕೊಂಡವು. ನಮ್ಮ ಕಡೆಯ ಹಳೆಯ ಕ್ರೈಸ್ತ ಮನೆತನಗಳಲ್ಲಿ ಕೆಲವು ಆ ಬರದ ಮಕ್ಕಳಿಂದ ಬೆಳೆದವು. ಹಸಿದವನ ಮುಂದೆ ಅನ್ನದ ಜೊತೆ ಧರ್ಮವನ್ನೂ ಇಡುವುದು ಸರಿಯೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಆ ಮಕ್ಕಳು ಬದುಕಿದರು ಎಂಬುದನ್ನೂ ಅಲ್ಲಗಳೆಯುವಂತಿಲ್ಲ.

1884ರಲ್ಲಿ ಹೋಟಗಿಯಿಂದ ಗದಗಿನ ಕಡೆಗೆ ರೈಲು ಬಂತು. ಇಂಡಿ ರೋಡ್, ಬಿಜಾಪುರ, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಆ ಮಾರ್ಗದಲ್ಲಿವೆ. 1885ರಲ್ಲಿ ಜಿಲ್ಲಾ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಹಾಳು ಸುರಿಯುತ್ತಿದ್ದ ಆದಿಲಶಾಹಿ ಮಹಲುಗಳಲ್ಲಿ ಸರಕಾರಿ ಕಚೇರಿಗಳು ನೆಲೆಸಿದವು. ಅದೇ 1885ರಲ್ಲಿ ಬಾಸೆಲ್ ಮಿಷನ್ ಬಿಜಾಪುರದಲ್ಲಿ ತನ್ನ ಕೇಂದ್ರ ತೆರೆಯಿತು. ರೈಲು, ಕಚೇರಿ, ಚರ್ಚು ಮೂರೂ ಒಂದರ ಹಿಂದೆ ಒಂದು ಬಂದದ್ದು ಕಾಕತಾಳೀಯವಲ್ಲ. ಕಚೇರಿ ಇದ್ದಲ್ಲಿ ಓದಿದವರು ಬೇಕು, ಓದಿದವರು ಬೇಕಾದಲ್ಲಿ ಶಾಲೆ ಬೇಕು. ಬಾಸೆಲ್‌ನವರು ಹೋದ ಊರಲ್ಲೆಲ್ಲ ಚರ್ಚಿನ ಜೊತೆಗೆ ಶಾಲೆಯನ್ನೂ ನಡೆಸಿದರು.

ಶಾಲೆಯ ಮಾತು ಬಂದಾಗ ಸರಕಾರಿ ಶಾಲೆಯವರಾದ ನಾವು ಮರೆಯಬಾರದ ಘಟನೆಯೊಂದಿದೆ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮಹಾರ ಜಾತಿಯ ಹುಡುಗನೊಬ್ಬ ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ಅವನು ಬಂದರೆ ಉಳಿದವರು ಶಾಲೆ ಬಿಡುತ್ತಾರೆ, ಒಬ್ಬನಿಗಾಗಿ ಶಾಲೆಯೇ ನಿರುಪಯೋಗವಾಗುತ್ತದೆ ಎಂದು ಸರಕಾರ ಅವನನ್ನು ಸೇರಿಸಲು ಒಪ್ಪಲಿಲ್ಲ. ಸರಕಾರಿ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ಸೇರಿದವು ಎಂದು 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಬರೆದರು. ಕಾಗದದಲ್ಲಿ ಬಂದ ಆ ಮಾತು ತರಗತಿಯ ಕೋಣೆಯೊಳಗೆ ಬರಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಡಾ. ಅಂಬೇಡ್ಕರ್ ಅವರು ತಮ್ಮ ಬರಹದಲ್ಲಿ ಈ ಅರ್ಜಿಯ ಕಥೆಯನ್ನು ದಾಖಲಿಸಿದ್ದಾರೆ.

ಸರಕಾರದ ಬಾಗಿಲು ಹೀಗೆ ಅರೆ ಮುಚ್ಚಿದ್ದ ಕಾಲದಲ್ಲಿ, ಕ್ರೈಸ್ತನಾದವನು ಜಾತಿಯನ್ನು ಬಿಡಲೇಬೇಕು, ಒಂದೇ ಸಾಲಿನಲ್ಲಿ ಕೂರಬೇಕು ಎಂಬುದು ಬಾಸೆಲ್ ಮಿಷನ್ನಿನ ಕಟ್ಟುನಿಟ್ಟಾದ ನಿಯಮವಾಗಿತ್ತು. ಹಾಗೆ ಬಂದವನಿಗೆ ಊರಲ್ಲಿ ಬೆಲೆ ತೆರಬೇಕಾಗುತ್ತಿತ್ತು. ಬಾವಿಯ ನೀರು ತಪ್ಪುತ್ತಿತ್ತು, ಕೆಲಸ ತಪ್ಪುತ್ತಿತ್ತು, ಹೆಣ್ಣು ಕೊಡುವವರು ತಪ್ಪುತ್ತಿದ್ದರು. ಅಂಥವರಿಗೆ ಹೊಟ್ಟೆಪಾಡು ಬೇಕೆಂದೇ ಮಿಷನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ನಮ್ಮ ಮಣ್ಣಿನ ಮಾಳಿಗೆಯ ಮನೆಗಳ ನಾಡಿಗೆ ಮಂಗಳೂರು ಹೆಂಚು ಪರಿಚಯವಾದುದರ ಹಿಂದೆ ಈ ಕಥೆಯಿದೆ.

ಮಿಷನ್ನಿನವರಲ್ಲಿ ದೋಷಗಳಿರಲಿಲ್ಲವೆಂದು ಹೇಳಲಾರೆ. ನಮ್ಮ ದೇವರು, ಜಾತ್ರೆ, ಮಠಗಳನ್ನು ಅವರು ಅಜ್ಞಾನವೆಂದು ಬರೆದದ್ದುಂಟು. ಸಂತೆಯಲ್ಲಿ ನಿಂತು ಮಾಡಿದ ಉಪದೇಶದಿಂದ ಜನರ ಮನಸ್ಸು ನೊಂದದ್ದೂ ಉಂಟು. ಆದರೆ ಉಪದೇಶ ಮಾಡಲು ಭಾಷೆ ಬೇಕಾಗಿ, ಭಾಷೆ ಕಲಿಯಲು ನಮ್ಮ ಗ್ರಂಥಗಳು ಬೇಕಾಗಿ, ಅವರಲ್ಲಿ ಕೆಲವರು ಬಂದ ಕೆಲಸಕ್ಕಿಂತ ದೊಡ್ಡ ಕೆಲಸವನ್ನು ಮಾಡಿ ಹೋದರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದ ಮೋಗ್ಲಿಂಗ್, ಮುಂದಿನ ಹತ್ತು ವರ್ಷಗಳೊಳಗೆ ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಬಸವಪುರಾಣವೂ ಒಂದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನಾಡಿನವರಾದ ನಾವು ಇದನ್ನು ನೆನೆಯಬೇಕು: ತಾಳೆಗರಿಯಲ್ಲಿದ್ದ ಬಸವಪುರಾಣವನ್ನು ಅಚ್ಚಿಗೆ ತಂದವರಲ್ಲಿ ಒಬ್ಬ ಜರ್ಮನ್ ಪಾದ್ರಿಯೂ ಇದ್ದ. 1853ರಲ್ಲಿ ಬಂದ ಕಿಟೆಲ್, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಎಂಬ ಹೆಸರಿನಿಂದ ಬರೆದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ನಮ್ಮ ಶಬ್ದಗಳ ಅರ್ಥ ಹುಡುಕಲು ಇಂದಿಗೂ ನಾವು ಅದನ್ನೇ ತೆರೆಯುತ್ತೇವೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಜರ್ಮನಿ ಶತ್ರು ದೇಶವಾದ್ದರಿಂದ ಜರ್ಮನ್ ಪಾದ್ರಿಗಳೂ ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಗಳಾದರು. ಅವರನ್ನು ಹಿಡಿದು ಅಹ್ಮದನಗರ ಮುಂತಾದ ಶಿಬಿರಗಳಲ್ಲಿ ಇಟ್ಟು, ಬಳಿಕ ಹಡಗು ಹತ್ತಿಸಿ ಊರಿಗೆ ಕಳಿಸಿದರು. ಕಾರ್ಖಾನೆಗಳು ಕೈತಪ್ಪಿದವು. ಹಣ ಬರುವ ದಾರಿ ಮುಚ್ಚಿತು. ಎಂಬತ್ತು ವರ್ಷ ಕಟ್ಟಿದ್ದೆಲ್ಲ ಬಿದ್ದುಹೋಗಬಹುದಾದ ಗಳಿಗೆ ಅದು.

ಆದರೆ ಬೀಳಲಿಲ್ಲ. ಹೀಗಾಗಲು ಕಾರಣ ನನಗೆ ಸರಳವಾಗಿ ಕಾಣುತ್ತದೆ. ಪ್ರಾರ್ಥನೆ ಕನ್ನಡದಲ್ಲಿತ್ತು, ಹಾಡು ಕನ್ನಡದಲ್ಲಿತ್ತು, ಬೈಬಲ್ಲು ಕನ್ನಡದಲ್ಲಿತ್ತು. ಉಪದೇಶಿಗಳೂ ಶಾಲಾ ಮಾಸ್ತರರೂ ನಮ್ಮೂರ ಜನರೇ ಆಗಿದ್ದರು. ಬಿಳಿಯ ಪಾದ್ರಿ ಹಡಗು ಹತ್ತಿದ ವಾರವೂ ಭಾನುವಾರದ ಗಂಟೆ ಬಾರಿಸಲು ಒಬ್ಬನಿದ್ದ, ಗಂಟೆ ಕೇಳಿ ಬರುವವರೂ ಇದ್ದರು. ಮುಂದೆ ಈ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ನಲ್ಲಿ, ಸೇರಿದವು. ಇಂದು ಗುಳೇದಗುಡ್ಡದಲ್ಲಾಗಲಿ ವಿಜಯಪುರದಲ್ಲಾಗಲಿ ಆ ಚರ್ಚಿಗೆ ಹೋಗುವವರು ಜೋಳದ ರೊಟ್ಟಿ ಉಂಡು, ನಮ್ಮಂತೆಯೇ "ಏನ್ರೀ, ಆರಾಮ ಇದ್ದೀರೇನು?" ಎಂದು ಮಾತನಾಡಿಸುವ ನಮ್ಮ ನೆರೆಹೊರೆಯವರೇ. ಅವರನ್ನು ಪರದೇಶದವರ ಮಂದಿ ಎನ್ನುವವರಿಗೆ ಇತಿಹಾಸ ಗೊತ್ತಿಲ್ಲವೆಂದೇ ಹೇಳಬೇಕಾಗುತ್ತದೆ.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿ ಇಂದು ಎಲ್ಲಿದ್ದರೂ ಈ ಸಂಚಿಕೆ ಅವಳ ಕೈ ಸೇರಲಿ. ಚರ್ಚು ಆರಂಭಿಸಿದವರು ಸ್ವಿಟ್ಜರ್ಲೆಂಡಿನ ಸಂಸ್ಥೆಯವರು ಮತ್ತು ಜರ್ಮನಿಯ ಪಾದ್ರಿಗಳು. ಅದನ್ನು ಉಳಿಸಿಕೊಂಡವರು ನಮ್ಮ ಸೀಮೆಯ ಕನ್ನಡಿಗರು. ಅಂದು ಬಸ್ಸಿನಲ್ಲಿ ಇಷ್ಟನ್ನಾದರೂ ನಾನು ಹೇಳಬೇಕಾಗಿತ್ತು.

ನಮ್ಮ ಶಾಲೆಗೂ ಈಗ ಐವತ್ತು ತುಂಬಿದೆ. ಸರಕಾರ ಮಂಜೂರಾತಿ ಕೊಟ್ಟಿತು, ಆದರೆ ಶಾಲೆ ಉಳಿದದ್ದು ಜಾಗ ಬಿಟ್ಟುಕೊಟ್ಟವರಿಂದ, ಕಲ್ಲು ಹೊತ್ತವರಿಂದ, ಹೆಣ್ಣುಮಕ್ಕಳನ್ನು ಹೊಲದ ಕೆಲಸ ಬಿಡಿಸಿ ಓದಲು ಕಳಿಸಿದ ತಾಯಂದಿರಿಂದ. 1856ರ ಆ ಹುಡುಗನಿಗೆ ಸಿಗದ ಬೆಂಚು ಇಂದು ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಇದೆ. ಅದನ್ನು ಹಾಗೆಯೇ ಕಾಯುವುದು ನಮ್ಮೆಲ್ಲರ ಹೊಣೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ: ಮೊದಲ ಕೋಣೆಗಳನ್ನು ಕಟ್ಟಿದ ಗೌಂಡಿಗಳ, ಬಡಗಿಗಳ ಹೆಸರು ಬಲ್ಲ ಹಿರಿಯರು ನಿಮ್ಮ ಮನೆಗಳಲ್ಲಿ ಇನ್ನೂ ಇರಬಹುದು. ಅವರನ್ನು ಕೇಳಿ, ಬರೆದು ಶಾಲೆಗೆ ತಂದುಕೊಡಿ. ಹಳೆಯ ಫೋಟೊಗಳಿದ್ದರೆ ಹಿಂದೆ ಹೆಸರು, ವರ್ಷ ಬರೆದು ಕೊಡಿ. ಶತಮಾನೋತ್ಸವದ ಸಂಚಿಕೆಗೆ ಲೇಖನ ಬರೆಯುವ ಗುರುಗಳಿಗೆ ಅವು ಬೇಕಾಗುತ್ತವೆ.