ಟಿಬಿಆರ್‌ಐ ಪಾಲನಾ ಪದ್ಧತಿ

ಹಿಂಸೆ, ಅಲಕ್ಷ್ಯ, ಅಗಲಿಕೆಗಳಿಂದ ನೊಂದ ಮಕ್ಕಳನ್ನು ಸಾಕುವವರಿಗಾಗಿ ಅಮೆರಿಕದಲ್ಲಿ ರೂಪುಗೊಂಡ ತರಬೇತಿ ಪದ್ಧತಿ ಟಿಬಿಆರ್‌ಐ (ಟ್ರಸ್ಟ್-ಬೇಸ್ಡ್ ರಿಲೇಷನಲ್ ಇಂಟರ್ವೆನ್ಷನ್). ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಕ್ಯಾರಿನ್ ಪರ್ವಿಸ್ ಮತ್ತು ಡೇವಿಡ್ ಕ್ರಾಸ್ ಇದನ್ನು ಬೆಳೆಸಿದರು. 1999ರಲ್ಲಿ ದತ್ತು ಮಕ್ಕಳಿಗಾಗಿ ನಡೆದ ಬೇಸಿಗೆ ಶಿಬಿರದಲ್ಲಿ ಇದರ ಬೇರಿದೆ.

ತಿಂಡಿಯನ್ನು ಹಾಸಿಗೆಯಡಿ ಬಚ್ಚಿಡುವುದು, ಸಣ್ಣ ಮಾತಿಗೂ ಸಿಡಿಯುವುದು, ಅಪ್ಪಿಕೊಳ್ಳಲು ಬಂದವರನ್ನು ದೂಡುವುದು ಹಟಮಾರಿತನವಲ್ಲ, ಭಯದಲ್ಲಿ ಬೆಳೆದ ಮಗು ಬದುಕುಳಿಯಲು ಕಲಿತ ದಾರಿ ಎಂಬುದು ಇದರ ತಿರುಳು. ಮೊದಲು ಮೈಯ ಅಗತ್ಯಗಳನ್ನು ನೋಡಬೇಕು: ಹೊತ್ತುಹೊತ್ತಿಗೆ ನೀರು, ತಿಂಡಿ, ನಿದ್ದೆ, ಏರುಪೇರಿಲ್ಲದ ದಿನಚರಿ. ಜೊತೆಗೆ ಬಾಂಧವ್ಯ. ಆಮೇಲಷ್ಟೇ ತಿದ್ದುವುದು. ಅದೂ ಶಿಕ್ಷೆಯಿಂದಲ್ಲ, ಒರಟಾಗಿ ಕೇಳಿದ ಮಗುವಿಗೆ ಅದನ್ನೇ ಮೆತ್ತಗೆ ಮತ್ತೊಮ್ಮೆ ಕೇಳುವ ಅವಕಾಶ ಕೊಟ್ಟು. ಸಾಕುವವರು ತಮ್ಮ ಬಾಲ್ಯದ ಗಾಯಗಳನ್ನೂ ಗುರುತಿಸಿಕೊಳ್ಳಬೇಕೆಂದು ತರಬೇತಿ ಕೇಳುತ್ತದೆ. ಇದೇ ಅದರ ಅತ್ಯಂತ ಕಠಿಣ, ಅತ್ಯಂತ ಪ್ರಾಮಾಣಿಕ ಭಾಗ.

ಪದ್ಧತಿ ಮತಬೋಧೆಯಲ್ಲ, ಶಾಲೆ, ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಆದರೆ ಅನಾಥರ ಆರೈಕೆಯನ್ನು ಬೈಬಲಿನ ಆಜ್ಞೆಯೆಂದು ಕಾಣುವ ಕ್ರೈಸ್ತ ಕುಟುಂಬಗಳು ಇದನ್ನು ವಿಶೇಷವಾಗಿ ಅಪ್ಪಿಕೊಂಡಿವೆ. ಪ್ರೀತಿಯೊಂದೇ ಸಾಕೆಂದು ನಂಬಿ ಮಗುವನ್ನು ಮನೆತುಂಬಿಸಿಕೊಂಡು, ತಿಂಗಳುಗಳಲ್ಲೇ ಸೋತು ಕುಳಿತವರಿಗೆ ಇದು ಕೈಹಿಡಿದ ಜ್ಞಾನ. ಅನೇಕ ಚರ್ಚುಗಳು ಇಂಥ ಮನೆಗಳಿಗೆ ಅಡುಗೆ ಒಯ್ದು, ಮಕ್ಕಳನ್ನು ಕೆಲಹೊತ್ತು ನೋಡಿಕೊಂಡು ಪೋಷಕರಿಗೆ ಬಿಡುವು ಕೊಡುತ್ತವೆ. ಪ್ರಾರ್ಥನೆಯಷ್ಟೇ ಈ ಬಿಡುವೂ ಅವಶ್ಯ.

ಪರ್ವಿಸ್ ಸಹಲೇಖಕಿಯಾದ ‘ದಿ ಕನೆಕ್ಟೆಡ್ ಚೈಲ್ಡ್’ 2007ರಲ್ಲಿ ಪ್ರಕಟವಾಯಿತು. ಅವರು 2016ರಲ್ಲಿ ನಿಧನರಾದರು. ವಿಶ್ವವಿದ್ಯಾಲಯದ ಮಕ್ಕಳ ವಿಕಾಸ ಸಂಸ್ಥೆಗೆ ಅವರ ಹೆಸರಿದೆ.