ಹೊನ್ನಾವರದ ಅರಸನ ಭೋಜನದ ಉಡುಗೆ

ಮುರಗಾಂವದಿಂದ ಹೊರಟು ನವಮಂಗಳೂರು ಬಂದರಿಗೆ ಬರುವ ವಿದೇಶೀ ವಿಹಾರನೌಕೆಗಳು ಕುಮಟಾ, ಹೊನ್ನಾವರ, ಭಟ್ಕಳಗಳ ಎದುರಿನ ಕಡಲಲ್ಲಿಯೇ ಸಾಗುತ್ತವೆ. ಆದರೆ ಈ ಮೂರು ಹಳೆಯ ಬಂದರುಗಳಲ್ಲಿ ತಂಗುವುದಿಲ್ಲ. ಇಂಥ ನೌಕೆಗಳಲ್ಲಿ ಹಲವೆಡೆ ಗೊತ್ತಾದ ಕೆಲವು ರಾತ್ರಿಗಳಂದು ಭೋಜನಶಾಲೆಗೆ ಬರುವವರು ವಿಧಿಬದ್ಧವಾದ ಉಡುಪನ್ನು ಧರಿಸಬೇಕೆಂಬ ನಿಯಮವಿದೆ. ಗಂಡಸರಿಗೆ ಕರಿಯ ಕೋಟು, ಕೊರಳಿಗೆ ಟೈ. ಹೆಂಗಸರಿಗೆ ನೀಳವಾದ ನಿಲುವಂಗಿ. ಹಾಗೆ ಉಡದವರು ಬೇರೊಂದೆಡೆ ಉಣ್ಣಬೇಕು. ಈ ಕಟ್ಟಳೆ ಬೇಕೆ, ಬೇಡವೆ ಎಂಬ ವಾದ ಪ್ರಯಾಣಿಕರಲ್ಲಿ ಇನ್ನೂ ಮುಗಿದಿಲ್ಲ. ನಮ್ಮ ನಾಡಿನ ನೆಲದ ಮೇಲೆಯೂ ಈ ವಾದಕ್ಕೆ ಕೊರತೆಯಿಲ್ಲ. 2024ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಒಂದು ಮಾಲಿನ ಬಾಗಿಲಲ್ಲಿ, ಪಂಚೆಯುಟ್ಟು ರುಮಾಲು ಸುತ್ತಿದ್ದ ರೈತರೊಬ್ಬರನ್ನು ಉಡುಗೆಯ ಕಾರಣದಿಂದ ತಡೆದುದೂ, ಸರ್ಕಾರವು ಆ ಮಾಲನ್ನು ಏಳು ದಿನ ಮುಚ್ಚಿಸಿದುದೂ ವಾಚಕರ ನೆನಪಿನಲ್ಲಿರಬಹುದು.

ಈ ವಾದಗಳಲ್ಲಿ ಎರಡು ಪಕ್ಷದವರೂ ಒಂದು ಮಾತನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಂಡಂತೆ ಕಾಣುತ್ತದೆ. ಹೊಲಿದ ಬಟ್ಟೆಯು ಸಭೆಗೆ, ಹೊಲಿಯದ ಬಟ್ಟೆಯು ಮನೆಗೆ ಎಂಬುದು ಆ ಮಾತು. ಇತಿಹಾಸದ ಪುಸ್ತಕಗಳು ಇದಕ್ಕೆ ಇನ್ನೊಂದನ್ನು ಜೋಡಿಸಿವೆ: ಹೊಲಿದ ಉಡುಪು ಮುಸಲ್ಮಾನರೊಡನೆ ಬಂದಿತು, ಹೊಲಿಯದ ಉಡುಪು ಹಿಂದೂಗಳದು ಎಂದು. ಹೊನ್ನಾವರದ ಬಗೆಗೆ ದೊರೆಯುವ 14ನೆಯ ಶತಮಾನದ ಒಂದು ಪ್ರತ್ಯಕ್ಷ ವರ್ಣನೆಯ ಮುಂದೆ ಈ ಎರಡು ಮಾತುಗಳೂ ನಿಲ್ಲಲಾರವೆಂಬುದು ನಮ್ಮ ಅಭಿಪ್ರಾಯ.

ವರ್ಣನಕಾರನು ಮೊರಾಕೊ ದೇಶದ ತಾಂಜೀರಿನ ಇಬ್ನ್ ಬತೂತ. ದೆಹಲಿಯಲ್ಲಿ ಕಾಜಿಯಾಗಿದ್ದ ಈತನು 1342ರಲ್ಲಿ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟು, ಪಶ್ಚಿಮ ಕರಾವಳಿಯನ್ನು ಹಿಡಿದು ಹೋಗುವಾಗ ಹೊನ್ನಾವರಕ್ಕೆ ಬಂದನು. ಅವನ ಬರಹದಲ್ಲಿ ಊರಿನ ಹೆಸರು ಹಿನೌರ್. ಅಲ್ಲಿ ಆಗ ಆಳುತ್ತಿದ್ದವನು ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಈತನು ಹರ್ಯಬ್ ಎಂಬ ಹಿಂದೂ ಅರಸನಿಗೆ ಅಧೀನನೆಂದು ಇಬ್ನ್ ಬತೂತನು ಹೇಳುತ್ತಾನೆ; ಈ ಹರ್ಯಬ್ ವಿಜಯನಗರದ ಒಂದನೆಯ ಹರಿಹರನೆಂದು ವಿದ್ವಾಂಸರು ಗುರುತಿಸಿದ್ದಾರೆ. ಊರಿನ ಜನ ಶಾಫೀ ಪಂಥದವರು, ಕಡಲ ವ್ಯಾಪಾರದಿಂದ ಜೀವಿಸುವವರು, ನೌಕಾಯುದ್ಧದಲ್ಲಿ ಹೆಸರಾದವರು. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ತಾನು ಅಲ್ಲಿ ಕಂಡೆನೆಂದೂ, ಇಂಥದನ್ನು ಬೇರೆಲ್ಲಿಯೂ ಕಂಡಿಲ್ಲವೆಂದೂ ಅವನು ಬರೆಯುತ್ತಾನೆ. ಭಟ್ಕಳದ ನವಾಯತ ಸಮಾಜದ ಪೂರ್ವೇತಿಹಾಸವನ್ನು ಬರೆಯುವವರು ಈ ಮಾತನ್ನು ಉದ್ಧರಿಸುವುದು ವಾಡಿಕೆ. ಅದರ ಪಕ್ಕದಲ್ಲಿಯೇ ಇರುವ ಉಡುಗೆಯ ಮಾತಿಗೆ ಅಷ್ಟು ಗಮನ ಸಂದಿಲ್ಲ.

ಆ ಮಾತು ಹೀಗಿದೆ. ಈ ಊರಿನ ಮತ್ತು ಈ ಕರಾವಳಿಯ ಹೆಂಗಸರು ಹೊಲಿದ ಬಟ್ಟೆಯನ್ನು ಉಡುವುದಿಲ್ಲ. ಹೊಲಿಯದ ಬಟ್ಟೆಯ ಒಂದು ತುದಿಯನ್ನು ನಡುವಿಗೆ ಸುತ್ತಿ, ಉಳಿದುದನ್ನು ತಲೆಯ ಮೇಲೂ ಎದೆಯ ಮೇಲೂ ಹೊದೆಯುತ್ತಾರೆ. ಮೂಗಿಗೆ ಚಿನ್ನದ ಉಂಗುರವನ್ನಿಡುತ್ತಾರೆ. ಇವರು ಚೆಲುವೆಯರು, ಶೀಲವಂತೆಯರು, ಕುರಾನನ್ನು ಬಾಯಿಪಾಠ ಬಲ್ಲವರು. ಎಲ್ಲರೂ ಬಲ್ಲರೆಂಬುದು ಪ್ರಾಯಶಃ ಉತ್ಪ್ರೇಕ್ಷೆ. ಆದರೆ ಉಡುಗೆಯ ವಿಚಾರದಲ್ಲಿ ಈ ಸಾಕ್ಷಿಯನ್ನು ಸಡಿಲವೆಂದು ತಳ್ಳುವಂತಿಲ್ಲ. ಇದೇ ಇಬ್ನ್ ಬತೂತನು ಮುಂದೆ ಮಾಲ್ದೀವ್ ದ್ವೀಪಗಳಲ್ಲಿ ಕಾಜಿಯಾದಾಗ, ಅಲ್ಲಿನ ಹೆಂಗಸರು ಸೊಂಟದಿಂದ ಮೇಲೆ ಬಟ್ಟೆಯಿಲ್ಲದೆ ತಿರುಗುವುದನ್ನು ನಿಲ್ಲಿಸಲು ಹೆಣಗಿ, ತನ್ನ ನ್ಯಾಯಸಭೆಗೆ ಹಾಗೆ ಬರಕೂಡದೆಂಬಷ್ಟನ್ನು ಮಾತ್ರ ಸಾಧಿಸಿದವನು. ಅಂಥ ಕಟ್ಟುನಿಟ್ಟಿನ ಕಾಜಿಯು ಹೊನ್ನಾವರದ ಹೊಲಿಯದ ಬಟ್ಟೆಯನ್ನು ಕಂಡು ಆಕ್ಷೇಪಿಸಲಿಲ್ಲ, ಹೊಗಳಿದನು. ಅವನ ಮತದ ದೃಷ್ಟಿಯಲ್ಲಿ ಮುಖ್ಯವಾದುದು ಮೈ ಮುಚ್ಚಿರುವುದೇ ಹೊರತು ಸೂಜಿದಾರವಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇನ್ನು ಅರಸನ ಭೋಜನ. ಅರಸನು ಉಪವಾಸವಿದ್ದ ದಿನಗಳಲ್ಲಿ ಪಾರಣೆಗೆ ಇಬ್ನ್ ಬತೂತನನ್ನೂ ಇಬ್ಬರು ಧರ್ಮಶಾಸ್ತ್ರಜ್ಞರನ್ನೂ ಕರೆಯುತ್ತಿದ್ದನು. ನೆಲದ ಮೇಲೆ ನಾಲ್ಕು ಚಿಕ್ಕ ಪೀಠಗಳನ್ನಿಡುತ್ತಿದ್ದರು. ಒಂದರಲ್ಲಿ ಅರಸ, ಉಳಿದವುಗಳಲ್ಲಿ ಅತಿಥಿಗಳು. ತಾಮ್ರದ ಮೇಜು ಬರುವುದು, ಅದರ ಮೇಲೆ ತಾಮ್ರದ ತಾಲಂ, ಎಂದರೆ ನಮ್ಮ ತಳಿಗೆ. ರೇಷ್ಮೆಯನ್ನುಟ್ಟ ದಾಸಿಯೊಬ್ಬಳು ಬಂದು ದೊಡ್ಡ ತಾಮ್ರದ ಸೌಟಿನಿಂದ ಅನ್ನವನ್ನು ಬಡಿಸಿ, ಮೇಲೆ ತುಪ್ಪವನ್ನು ಸುರಿದು, ಪಕ್ಕದಲ್ಲಿ ಹಸಿ ಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿಗಳನ್ನು ಇಡುವಳು. ಅನಂತರ ಕೋಳಿ, ಮತ್ತೆ ಅನ್ನ, ಮೀನು, ತುಪ್ಪದಲ್ಲಿ ಬೆಂದ ಕಾಯಿಪಲ್ಯ, ಕೊನೆಗೆ ಮೊಸರು. ಮೊಸರು ಬಂದಿತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು ಎಂದು ಅವನು ಬರೆಯುತ್ತಾನೆ. ಇದನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಮಳೆಗಾಲದಲ್ಲಿ ತಣ್ಣೀರು ಕೇಡೆಂದು ಬಿಸಿನೀರನ್ನು ಕುಡಿಯುತ್ತಿದ್ದರು. ಇನ್ನೊಂದು ಬಾರಿ ಈ ಅರಸನ ಬಳಿ 11 ತಿಂಗಳು ಇದ್ದು ರೊಟ್ಟಿಯ ಮುಖವನ್ನೇ ಕಾಣಲಿಲ್ಲವೆಂದೂ ಅವನು ಹೇಳಿಕೊಂಡಿದ್ದಾನೆ.

ಊಟದ ವರ್ಣನೆಯ ಬೆನ್ನಿಗೇ ಅರಸನ ಉಡುಗೆಯ ವರ್ಣನೆ ಬರುತ್ತದೆ. ರೇಷ್ಮೆಯ ಮತ್ತು ನವುರಾದ ನಾರಿನ ಬಟ್ಟೆಗಳು ಅವನವು. ನಡುವಿಗೆ ಫೂತಾ, ಎಂದರೆ ಪಂಚೆ. ಮೇಲೆ ಒಂದರ ಮೇಲೊಂದು ಎರಡು ಹೊದಿಕೆಗಳು. ಹೆಣೆದ ಕೂದಲಿನ ಸುತ್ತ ಚಿಕ್ಕದೊಂದು ರುಮಾಲು. ಕುದುರೆಯೇರಿ ಹೊರಟಾಗ ಮಾತ್ರ ಕಬಾ ಎಂಬ ಅಂಗಿಯನ್ನು ತೊಟ್ಟು, ಅದರ ಮೇಲೆಯೂ ಆ ಎರಡು ಹೊದಿಕೆಗಳನ್ನು ಹೊದೆಯುತ್ತಿದ್ದನು. ಆಗ ಅವನ ಮುಂದೆ ನಗಾರಿ ಕಹಳೆಗಳು ಮೊಳಗುತ್ತಿದ್ದವು.

ಈ ನಾಲ್ಕೈದು ವಾಕ್ಯಗಳಲ್ಲಿ ಒಂದು ಕ್ರಮವಿದೆ. ಅರಮನೆಯೊಳಗಿನ ಉಡುಗೆಯಲ್ಲಿ ಹೊಲಿದುದು ಯಾವುದೂ ಇಲ್ಲ. ಆದರೂ ಅದನ್ನು ಮನೆಯ ಸಡಿಲ ಉಡುಗೆಯೆನ್ನಲು ಸಾಧ್ಯವಿಲ್ಲ. ಬಟ್ಟೆ ರೇಷ್ಮೆಯದು, ಹೊದಿಕೆಗಳು ಎರಡು, ತಲೆಗೆ ರುಮಾಲು ಇದೆ. ಮರ್ಯಾದೆಯ ಅಳತೆಯಿರುವುದು ಬಟ್ಟೆಯ ನೇಯ್ಗೆಯಲ್ಲಿ ಮತ್ತು ಹೊದಿಕೆಗಳ ಸಂಖ್ಯೆಯಲ್ಲಿ. ಹೊಲಿದ ಅಂಗಿಯು ಸವಾರಿಯ ಉಪಕರಣವಾಗಿ, ಬೀದಿಯ ಪ್ರದರ್ಶನದ ಅಂಗವಾಗಿ ಸೇರಿಕೊಳ್ಳುತ್ತದೆ. ಸೇರಿದಾಗಲೂ ಹೊಲಿಯದ ಹೊದಿಕೆಗಳೇ ಅದರ ಮೇಲೆ ಬರುತ್ತವೆ, ಕೆಳಗಲ್ಲ. ಊಟದ ಹೊತ್ತಿಗೆ ಅರಸನು ಉಟ್ಟುದು ಇದೇ ಎಂದು ಇಬ್ನ್ ಬತೂತನು ಬಿಡಿಸಿ ಹೇಳಿಲ್ಲವಲ್ಲ ಎಂದು ಶಂಕಿಸಬಹುದು. ನಿಜ, ಆದರೆ ಅವನು ಎರಡೇ ಉಡುಗೆಗಳನ್ನು ಹೇಳಿ, ಒಂದನ್ನು ಸವಾರಿಗೆಂದು ಪ್ರತ್ಯೇಕಿಸಿರುವುದರಿಂದ, ಮತ್ತೊಂದು ಉಳಿದ ಹೊತ್ತಿನದೆಂದು ತಿಳಿಯುವುದೇ ಸಹಜ.

ಕಬಾ ಎಂಬ ಈ ಅರಬ್ಬೀ ಮಾತನ್ನು ನಾವು ಕನ್ನಡದಲ್ಲಿ ಕಬಾಯಿ ಎಂದು ಬಲ್ಲೆವು. ಹೊನ್ನಾವರದ ಮುಸಲ್ಮಾನ ಅರಸನು ಸವಾರಿಗೆ ಮಾತ್ರ ತೊಡುತ್ತಿದ್ದ ಈ ಅಂಗಿ, ಅವನ ಅಧಿರಾಜರಾದ ವಿಜಯನಗರದ ಹಿಂದೂ ಅರಸರ ಆಸ್ಥಾನದಲ್ಲಿ ಮುಂದಿನ ಶತಮಾನಗಳಲ್ಲಿ ಸಭಾಮರ್ಯಾದೆಯ ಉಡುಪಾಯಿತು. 1443ರಲ್ಲಿ ಎರಡನೆಯ ದೇವರಾಯನನ್ನು ಕಂಡ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ಅರಸನು ಚೀನದ ಜೈತೂನೀ ರೇಷ್ಮೆಯ ಅಂಗಿಯನ್ನು ತೊಟ್ಟಿದ್ದನೆಂದು ಬರೆದಿದ್ದಾನೆ. ಇದೇ ರಾಯಭಾರಿಯು ಮೊದಲು ಕಲ್ಲಿಕೋಟೆಯಲ್ಲಿ ಸಾಮೂದಿರಿಯನ್ನು ಸೊಂಟಕ್ಕೆ ಮಾತ್ರ ಬಟ್ಟೆಯಿದ್ದಂತೆ ಕಂಡು, ಅಲ್ಲಿ ಅರಸನಿಗೂ ಬಡವನಿಗೂ ಉಡುಗೆ ಒಂದೇ, ಮುಸಲ್ಮಾನರು ಮಾತ್ರ ಅರಬರಂತೆ ಬೆಲೆಬಾಳುವ ಬಟ್ಟೆಯನ್ನುಡುತ್ತಾರೆ ಎಂದು ಆಶ್ಚರ್ಯಪಟ್ಟಿದ್ದನು. ಅವನು 1444ರ ಆರಂಭದಲ್ಲಿ ಸ್ವದೇಶಕ್ಕೆ ಹಡಗು ಹತ್ತಿದುದು ಹೊನ್ನಾವರದಲ್ಲಿಯೇ; ಆದರೆ ಊರಿನವರ ಉಡುಗೆಯ ವಿಷಯದಲ್ಲಿ ಇಬ್ನ್ ಬತೂತನಷ್ಟು ನೆರವು ಅವನಿಂದ ನಮಗೆ ದೊರೆಯುವುದಿಲ್ಲ.

1520ರ ಸುಮಾರಿಗೆ ಬಂದ ಪೋರ್ತುಗೀಸ ಡೊಮಿಂಗೊ ಪಾಯಸನ ವರದಿ ಇನ್ನೂ ಸ್ಪಷ್ಟವಾಗಿದೆ. ಭಟ್ಕಳದಿಂದ ವಿಜಯನಗರಕ್ಕೆ ಸಾವಿರಾರು ಹೇರೆತ್ತುಗಳು ನಡೆಯುತ್ತಿದ್ದ ಕಾಲ ಅದು. ಕೃಷ್ಣದೇವರಾಯನು ಚಿನ್ನದ ಹೂಗಳನ್ನು ಕಸೂತಿ ಮಾಡಿದ ಬಿಳಿಯ ಬಟ್ಟೆಯನ್ನು ಧರಿಸಿ, ತಲೆಗೆ ಜರತಾರಿಯ ಎತ್ತರದ ಟೊಪ್ಪಿಗೆಯನ್ನಿಟ್ಟು ಕುಳಿತಿದ್ದನು. ಅವನ ಕಾಲುಗಳು ಬರಿದಾಗಿದ್ದವು. ಅರಸನಿದ್ದೆಡೆಗೆ ಬರಿಗಾಲಿನಲ್ಲಲ್ಲದೆ ಯಾರೂ ಹೋಗುವಂತಿಲ್ಲವೆಂದು ಪಾಯಸನು ತಿಳಿಸುತ್ತಾನೆ. ಕ್ರಿಸ್ತೊವಾ ದ ಫಿಗೆರೆದೊ ಎಂಬ ಪೋರ್ತುಗೀಸ ಪ್ರಮುಖನಿಗೆ ಅರಸನು ಒಂದು ಜರತಾರಿ ಕಬಾಯಿಯನ್ನೂ ತಾನು ಧರಿಸಿದ್ದಂಥದೇ ಟೊಪ್ಪಿಗೆಯನ್ನೂ ಕೊಟ್ಟನು. ಅರಬ್ಬೀ ಹೆಸರಿನ ಅಂಗಿಯನ್ನು ಹಿಂದೂ ಅರಸನೊಬ್ಬನು ಕ್ರೈಸ್ತ ಅತಿಥಿಗೆ ಮನ್ನಣೆಯ ಗುರುತಾಗಿ ಕೊಡುವ ಈ ಸಂದರ್ಭದಲ್ಲಿ ಉಡುಪಿಗೂ ಮತಕ್ಕೂ ಗಂಟುಹಾಕುವುದು ಹೇಗೆ? ಉಡುಗೆಯನ್ನು ಕಂಡೊಡನೆ ಮತವನ್ನು ನಿರ್ಧರಿಸಿ, ಮತವನ್ನು ನಿರ್ಧರಿಸಿದೊಡನೆ ನಮ್ಮವರು ಅನ್ಯರು ಎಂದು ವಿಂಗಡಿಸುವ ಅಭ್ಯಾಸ ಈ ಕರಾವಳಿಯಲ್ಲಿಯೂ ಬಲಿಯುತ್ತಿರುವುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ಒತ್ತಿ ಕೇಳಬೇಕಾಗಿದೆ.

ಹೊಲಿಯದ ಬಟ್ಟೆಯನ್ನು ಕಂಡು ಪದವಿಯನ್ನು ತಪ್ಪಾಗಿ ಅಳೆದವರೂ ಇದ್ದರು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯು 1623ರಲ್ಲಿ ಪೋರ್ತುಗೀಸ ರಾಯಭಾರಿಯೊಡನೆ ಹೊನ್ನಾವರದಲ್ಲಿ ಇಳಿದು, ಶರಾವತಿಯ ಮೂಲಕ ಗೇರುಸೊಪ್ಪೆಗೂ, ಅಲ್ಲಿಂದ ಘಟ್ಟವನ್ನೇರಿ ವೆಂಕಟಪ್ಪನಾಯಕನ ಇಕ್ಕೇರಿಗೂ ಹೋದನು. ಅನಂತರ ಮಂಗಳೂರಿನ ಕಡೆಗೆ ಇಳಿದು, ಮನೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡನು. ಆಕೆ ನೀರಿನ ಕಾಲುವೆಗಳನ್ನು ತೋಡಿಸುತ್ತಿದ್ದ ಹೊಲದ ಕಡೆಗೆ ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದಳು. ನಡುವಿಗೆ ದಪ್ಪನೆಯ ಬಿಳಿಯ ಹತ್ತಿಬಟ್ಟೆ, ತಲೆಗೂ ಹೆಗಲಿಗೂ ಇನ್ನೊಂದು ಬಟ್ಟೆ. ನೋಡಿದರೆ ಅಡಿಗೆಯವಳೋ ಅಗಸಗಿತ್ತಿಯೋ ಎನ್ನಬೇಕೇ ವಿನಾ ರಾಣಿಯೆನ್ನುವಂತಿಲ್ಲವೆಂದು ಅವನು ಬರೆದನು. ಆದರೆ ಆಕೆ ಮಾತನಾಡತೊಡಗಿದಾಗ ಆ ದನಿಯಿಂದಲೇ ರಾಣಿಯೆಂದು ತಿಳಿಯಿತೆಂದು ಒಪ್ಪಿಕೊಂಡುದು ಅವನ ಪ್ರಾಮಾಣಿಕತೆ. ಈ ವಾಕ್ಯದ ಮೊದಲರ್ಧವನ್ನಷ್ಟೇ ಉದ್ಧರಿಸಿ ಬಿಡುವ ಬರಹಗಾರರನ್ನು ನಾವು ಕಂಡಿದ್ದೇವೆ.

ಬಲಾತ್ಕಾರದಿಂದ ಉಡುಪನ್ನು ಬದಲಿಸಿದ ನಿದರ್ಶನ ನೆರೆಯ ಗೋವೆಯಲ್ಲಿದೆ. ಅಲ್ಲಿನ ಇನ್ಕ್ವಿಸಿಷನ್ ನ್ಯಾಯಪೀಠವು 1736ರ ಆಜ್ಞೆಯಲ್ಲಿ ದೇಶೀಯ ಕ್ರೈಸ್ತ ಗಂಡಸರು ಪುಡ್ವೆಯನ್ನು, ಎಂದರೆ ಧೋತರವನ್ನು ಉಡಬಾರದು, ಹೆಂಗಸರು ಚೋಲಿಯನ್ನು ತೊಡಬಾರದು ಎಂದು ವಿಧಿಸಿತು. ಧೋತರ ಹೊಲಿಯದ್ದು, ಚೋಲಿ ಹೊಲಿದದ್ದು. ನಿಷೇಧಕ್ಕೆ ಎರಡೂ ಒಳಗಾದವು. ಹಿಂದಿನ ಮತದ ನೆನಪನ್ನು ಅಳಿಸುವುದೇ ಅಲ್ಲಿನ ಉದ್ದೇಶವಾಗಿತ್ತು.

ಕುಮಟಾದ ವಿಷಯ ಬೇರೆ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಹೊರಕ್ಕೆ ಸಾಗಿಸಿದ ಈ ಬಂದರಿನ ಹೆಸರು ಇಂಗ್ಲೆಂಡಿನ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೇ ಅಂಟಿಕೊಂಡಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿದ ಮೇಲೆ ಕಚೇರಿಯ ಉಡುಪಾಗಿ ಕೋಟು ಬಂದಿತು. 1883ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಸೆಟಿಯರಿನ 15ನೆಯ ಸಂಪುಟವು ಜಿಲ್ಲೆಯ ಉಡುಗೆಯನ್ನು ಜಾತಿಜಾತಿಗೆ ಹೇಳುತ್ತ, ಮನೆಯೊಳಗೆ ಧೋತರ, ಹೊರಗೆ ಹೋಗುವಾಗ ಮೇಲುವಸ್ತ್ರ ಮತ್ತು ರುಮಾಲು, ಉಳ್ಳವರಿಗೆ ಅಂಗಿ ಎಂಬಂತೆ ವಿಂಗಡಿಸುತ್ತದೆ. ಅಂಗಿಯು ಹೊಸ್ತಿಲಿನಾಚೆಯದು ಎಂಬ ಜಮಾಲುದ್ದೀನನ ಕ್ರಮವೇ ಇಲ್ಲಿ ಐದು ಶತಮಾನಗಳ ಅನಂತರವೂ ಕಾಣುತ್ತದೆ. ಅದೇ ಕುಮಟಾ ತಾಲೂಕಿನ ಗೋಕರ್ಣದಲ್ಲಿ, ಮಹಾಬಲೇಶ್ವರನ ದರ್ಶನಕ್ಕೆ ಹೋಗುವ ಗಂಡಸರು ಇಂದಿಗೂ ಷರಟು ಷರಾಯಿಗಳನ್ನು ಕಳಚಿ ಧೋತರವನ್ನು ಉಡಬೇಕು. ಅತ್ಯಂತ ಗೌರವದ ಸನ್ನಿಧಿಯಲ್ಲಿ ಹೊಲಿದುದಕ್ಕೇ ಪ್ರವೇಶವಿಲ್ಲ. ಇದಕ್ಕೆ ಮಡಿಯ ಕಾರಣವಿದೆ, ಹೊನ್ನಾವರದ ಅರಸನದಕ್ಕೆ ಬೇರೆ ಕಾರಣವಿದ್ದೀತು. ಎರಡನ್ನೂ ಒಂದೇ ಎನ್ನುವುದು ನಮ್ಮ ಉದ್ದೇಶವಲ್ಲ. ಪಂಚೆಯನ್ನು ಅನೌಪಚಾರಿಕವೆಂದು ಕರೆಯುವವರು ಯಾವ ಸಭೆಯ ಅಳತೆಗೋಲನ್ನು ಹಿಡಿದು ಹಾಗೆನ್ನುತ್ತಾರೆಂದು ಮಾತ್ರ ಕೇಳಬಹುದಾಗಿದೆ. ಶಿಲ್ಪಗಳ ಸಾಕ್ಷ್ಯವನ್ನು ಇಲ್ಲಿ ಬಳಸಿಲ್ಲ. ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಭಿತ್ತಿಗಳಲ್ಲಿ ಉಬ್ಬುಚಿತ್ರಗಳು ಹೇರಳವಾಗಿದ್ದರೂ, ಶಿಲ್ಪಿಯು ತನ್ನ ಕಾಲದ ಉಡುಗೆಗಿಂತ ತನ್ನ ಸಂಪ್ರದಾಯಕ್ಕೆ ಹೆಚ್ಚು ಬದ್ಧನೆಂಬ ಭಯ ನಮಗಿದೆ.

ಇಬ್ನ್ ಬತೂತನ ಉಡುಗೆಯ ಗತಿ ಏನಾಯಿತೆಂಬುದನ್ನೂ ಹೇಳಬೇಕು. ಚೋಳಮಂಡಲ ತೀರದ ಮಅಬರಿನಿಂದ ಹಿಂದಿರುಗಿ, ಕೊಲ್ಲಂನಲ್ಲಿ ಮೂರು ತಿಂಗಳಿದ್ದು, ಅವನು ಜಮಾಲುದ್ದೀನನನ್ನು ಮತ್ತೆ ಕಾಣಲೆಂದು ಹೊನ್ನಾವರಕ್ಕೆ ಹಡಗು ಹತ್ತಿದನು. ಬಾರಕೂರು ಸೀಮೆಯ ಫಾಕನೂರಿಗೂ ಹೊನ್ನಾವರಕ್ಕೂ ನಡುವೆ 12 ಯುದ್ಧನೌಕೆಗಳಲ್ಲಿ ಬಂದ ಕಡಲುಗಳ್ಳರು ಅವನಲ್ಲಿದ್ದ ಹಣ, ಮುತ್ತುರತ್ನ, ಬಟ್ಟೆಬರೆಗಳನ್ನೆಲ್ಲ ದೋಚಿ, ಅವನನ್ನು ದಡಕ್ಕೆ ಬಿಟ್ಟರು. ಕಲ್ಲಿಕೋಟೆಗೆ ಮರಳಿ ಅವನೊಂದು ಮಸೀದಿಯನ್ನು ಹೊಕ್ಕಾಗ, ಧರ್ಮಶಾಸ್ತ್ರಜ್ಞನೊಬ್ಬನು ಒಂದು ನಿಲುವಂಗಿಯನ್ನೂ, ಕಾಜಿಯು ಒಂದು ರುಮಾಲನ್ನೂ, ವ್ಯಾಪಾರಿಯೊಬ್ಬನು ಮತ್ತೊಂದು ಅಂಗಿಯನ್ನೂ ಕಳುಹಿಸಿಕೊಟ್ಟರು. ಕಳ್ಳರು ಅವನ ಮೈಮೇಲೆ ಉಳಿಸಿದ್ದುದು ಷರಾಯಿಯೊಂದನ್ನೇ, ಅದು ಹೊಲಿದದ್ದು.