ಮೆರವಣಿಗೆಯೇ ಇಲ್ಲ, ಬಾಡಿಗೆ ಯಾಕೆ?

ಮನೆ ನೋಡಿ, ಅಡ್ವಾನ್ಸ್ ಕೊಟ್ಟು, ಸಹಿಯನ್ನೂ ಹಾಕಿದ ಮೇಲೆ ‘ಬೇಡ ಸಾರ್, ನಾವು ಬರ್ತಿಲ್ಲ’ ಅಂದ್ರೆ ಏನಾಗುತ್ತೆ? ಬೆಂಗಳೂರಲ್ಲಿ ಇದು ಮಾಮೂಲಿ ಜಗಳ. ಆದರೆ ಇಂಥದ್ದೇ ಒಂದು ಜಗಳ 1902ರಲ್ಲಿ ಲಂಡನ್‌ನಲ್ಲಿ ನಡೆದು, ಇವತ್ತಿಗೂ ನಮ್ಮ ಕಾನೂನು ಕಾಲೇಜುಗಳಲ್ಲಿ ಪಾಠವಾಗಿದೆ.

ಆ ವರ್ಷ ಜೂನ್ 26ಕ್ಕೆ ಏಳನೇ ಎಡ್ವರ್ಡ್ ಪಟ್ಟಾಭಿಷೇಕ, 26 ಮತ್ತು 27 ಎರಡೂ ದಿನ ಮೆರವಣಿಗೆ. ದಾರಿಯುದ್ದಕ್ಕೂ ಕಿಟಕಿಗಳು ಬಾಡಿಗೆಗೆ! ನಮ್ಮಲ್ಲಿ ದಸರಾ ಜಂಬೂ ಸವಾರಿ ನೋಡೋಕೆ ಜಾಗ ಹುಡುಕೋ ಹಾಗೇ ಅಂದ್ಕೊಳ್ಳಿ. ಪಾಲ್ ಮಾಲ್ ಬೀದಿಯಲ್ಲಿ ಪಾಲ್ ಕ್ರೆಲ್ ಅನ್ನುವವರ ಫ್ಲಾಟ್ ಇತ್ತು. ಕಿಟಕಿಯಲ್ಲಿ ಬೋರ್ಡ್ ನೋಡಿದ ಸಿ.ಎಸ್. ಹೆನ್ರಿ ಎರಡು ದಿನಕ್ಕೆ 75 ಪೌಂಡ್ ಅಂತ ಒಪ್ಪಿ, ಜೂನ್ 20ರಂದು ಪತ್ರ ಬರೆದು, 25 ಪೌಂಡ್ ಮುಂಗಡ ಕೊಟ್ಟರು. ಹಗಲು ಮಾತ್ರ, ರಾತ್ರಿ ಇಲ್ಲ. ತಮಾಷೆ ಏನಂದ್ರೆ, ಆ ಪತ್ರಗಳಲ್ಲಿ ಪಟ್ಟಾಭಿಷೇಕದ ಹೆಸರೇ ಇರಲಿಲ್ಲ.

ಜೂನ್ 24ಕ್ಕೆ ರಾಜನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ. ಎಲ್ಲವೂ ಮುಂದಕ್ಕೆ ಹೋಯಿತು. ಹೆನ್ರಿ ಉಳಿದ 50 ಪೌಂಡ್ ಕೊಡಲ್ಲ ಅಂದರು, ಕ್ರೆಲ್ ಕೋರ್ಟಿಗೆ ಹೋದರು.

1903ರಲ್ಲಿ ಮೇಲ್ಮನವಿ ನ್ಯಾಯಾಲಯ ಹೆನ್ರಿ ಪರ ನಿಂತಿತು. ಕಾಗದದಲ್ಲಿ ಬರೆದಿರಲಿ ಬಿಡಲಿ, ಮೆರವಣಿಗೆಯೇ ಈ ಒಪ್ಪಂದದ ಬುಡ ಅನ್ನೋದು ಇಬ್ಬರಿಗೂ ಗೊತ್ತಿತ್ತು, ಬುಡವೇ ಹೋದ ಮೇಲೆ ಹಣ ಕೇಳುವಂತಿಲ್ಲ ಅಂತ. ಹಾಗಂತ ಮನಸ್ಸು ಬದಲಾಯಿಸಿದವರಿಗೆಲ್ಲ ಇದು ರಕ್ಷಣೆ ಅಲ್ಲ. ಡರ್ಬಿ ಕುದುರೆ ರೇಸಿಗೆಂದು ಗಾಡಿ ಗೊತ್ತು ಮಾಡಿದವನು, ರೇಸ್ ನಿಂತರೂ ಬಾಡಿಗೆ ಕೊಡಲೇಬೇಕು ಅಂತ ಅದೇ ತೀರ್ಪು ಹೇಳುತ್ತೆ. ಈ ಗೆರೆ ಎಲ್ಲಿ ಎಳೆಯೋದು ಅನ್ನೋದು ನನಗಂತೂ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ಭಾರತದಲ್ಲಿ 1872ರ ಕರಾರು ಕಾಯ್ದೆಯ 56ನೇ ಸೆಕ್ಷನ್ ಅಸಾಧ್ಯವಾದ ಕರಾರು ರದ್ದು ಅನ್ನುತ್ತೆ. ಅದನ್ನ ಹಿಡ್ಕೊಂಡು ಬಾಡಿಗೆದಾರ ಹೊರಬರಬಹುದಾ? ಕಷ್ಟ. ಲೀಸ್ ಅಂದರೆ ಬರೀ ಮಾತಲ್ಲ, ಆಸ್ತಿಯಲ್ಲಿ ಒಂದು ಹಕ್ಕು ಕೈಬದಲಾದ ಹಾಗೆ. ಅದಾದ ಮೇಲೆ 56 ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. 2020ರ ಲಾಕ್‌ಡೌನ್‌ನಲ್ಲಿ ಬಾಡಿಗೆ ಮನ್ನಾ ಕೇಳಿದ ಅಂಗಡಿಯವರಿಗೆ ದೆಹಲಿ ಹೈಕೋರ್ಟ್ ಕೊಟ್ಟ ಉತ್ತರವೂ ಇದೇ. ಹೆನ್ರಿ ಪಡೆದದ್ದು ಲೀಸ್ ಅಲ್ಲ, ಎರಡು ಹಗಲು ಕೂರೋ ಅನುಮತಿ ಅಷ್ಟೇ.

ಇನ್ನು ಆ 25 ಪೌಂಡ್ ಮುಂಗಡ? ವಾಪಸ್ ಬೇಕು ಅಂತ ಮೊದಲು ಕೇಳಿದ್ದ ಹೆನ್ರಿ, ಮೇಲ್ಮನವಿ ಹೊತ್ತಿಗೆ ಅದನ್ನ ಕೈಬಿಟ್ಟರು. ಅಡ್ವಾನ್ಸ್ ಮಾಲೀಕರ ಹತ್ತಿರವೇ ಉಳೀತು.